ಪ್ರಯೋಗಕ್ಕೆ ಅಳತೆ ಆರಿಸುವುದು ಹೇಗೆ: ಚಿಕ್ಕಮಗಳೂರಿನ ಒಬ್ಬ ಮನಃಶಾಸ್ತ್ರ ಮೇಡಂ ತನ್ನ ವಿದ್ಯಾರ್ಥಿಗಳಿಗೆ ಹೇಳುವುದು

ನನ್ನ ಹತ್ತಿರ ಪ್ರಾಜೆಕ್ಟ್ ಮಾಡುತ್ತಿದ್ದ ಕಡೂರು ಕಡೆಯ ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆಯೊಂದನ್ನು ತಂದಳು. ಪರೀಕ್ಷೆಗೆ ಹೋಗುವ ಮುಂಚೆ ಹತ್ತು ನಿಮಿಷ ನಿಧಾನವಾಗಿ ಉಸಿರಾಡಿದರೆ ಟೆನ್ಷನ್ ಕಡಿಮೆ ಆಗುತ್ತದಾ? ಅರ್ಧ ಮಕ್ಕಳಿಗೆ ಉಸಿರಾಟ. ಇನ್ನರ್ಧ ಮಕ್ಕಳು ಸುಮ್ನೆ ಕೂತು ನ್ಯೂಸ್ ಪೇಪರ್ ಓದಬೇಕು. ಯಾರು ಯಾವ ಗುಂಪು ಅಂತ ಚೀಟಿ ಎತ್ತಿ ನಿರ್ಧಾರ. ಇಷ್ಟೂ ಸರಿಯಾಗಿತ್ತು. ಅಳೆಯುವುದಕ್ಕೆ ಅವಳು ಆರಿಸಿದ್ದು, ನಿಮಗೆ ಎಷ್ಟು ಟೆನ್ಷನ್ ಅನಿಸುತ್ತದೆ ಅಂತ ಕೇಳುವ ಹತ್ತು ಪ್ರಶ್ನೆಗಳ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್. 1983ರಲ್ಲಿ ಬಂದ ಅಳತೆಯ ಚಿಕ್ಕ ರೂಪ ಅದು. ಬಹಳ ದೇಶಗಳಲ್ಲಿ ಬಳಸುತ್ತಾರೆ.

ನಾನು ಹಾಳೆ ತೆಗೆದು ಮೊದಲ ಪ್ರಶ್ನೆಯನ್ನು ಜೋರಾಗಿ ಓದು ಅಂದೆ. "ಕಳೆದ ಒಂದು ತಿಂಗಳಲ್ಲಿ..." ಅಂತ ಶುರುವಾಯಿತು. ಎರಡನೆಯದೂ ಹಾಗೇ. ಹತ್ತೂ ಹಾಗೇ. ಅವಳೇ ಓದುವುದನ್ನು ನಿಲ್ಲಿಸಿ, "ಮೇಡಂ, ಇವತ್ತು ಹತ್ತು ನಿಮಿಷ ಉಸಿರಾಡಿದರೆ ಹೋದ ತಿಂಗಳು ಬದಲಾಗಲ್ಲ ಅಲ್ವಾ?" ಅಂದಳು.

ಆ ಸ್ಕೇಲ್ ಕೆಟ್ಟದ್ದಲ್ಲ. ಅವಳ ಪ್ರಶ್ನೆಗೆ ಅದು ಹೊಂದುವುದಿಲ್ಲ, ಅಷ್ಟೇ. ಅವಳು ಅದನ್ನೇ ಬಳಸಿದ್ದರೆ ಎರಡು ಗುಂಪಿನ ನಡುವೆ ಏನೂ ವ್ಯತ್ಯಾಸ ಸಿಗುತ್ತಿರಲಿಲ್ಲ. "ಉಸಿರಾಟದಿಂದ ಪ್ರಯೋಜನ ಇಲ್ಲ" ಅಂತ ರಿಪೋರ್ಟ್ ಬರೆದು ಮುಗಿಸುತ್ತಿದ್ದಳು. ಅಳತೆ ತಪ್ಪಾದರೆ ಉಳಿದದ್ದೆಲ್ಲ ಸರಿ ಇದ್ದೂ ಪ್ರಯೋಗ ಹಾಳಾಗುತ್ತದೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಮಕ್ಕಳು ಬಿಸಿಲಲ್ಲಿ ಬಸ್ ಹತ್ತಿ ಹಳ್ಳಿಹಳ್ಳಿಗೆ ಹೋಗಿ ಹಾಳೆ ತುಂಬಿಸಿ ತರುತ್ತಾರೆ. ಆಮೇಲೆ ಅದರಿಂದ ಏನೂ ಹೇಳಲು ಆಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಯಾವ ಸ್ಕೇಲ್ ಅಂತ ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಒಂದೇ ಸಾಲು ಬರೆಯಿರಿ. ಯಾರಲ್ಲಿ, ಏನು, ಯಾವ ಹೊತ್ತಿನದು. "ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿಗಳಲ್ಲಿ, ಪರೀಕ್ಷೆಯ ಗಾಬರಿ, ಈ ಕ್ಷಣದ್ದು." ಈ ಸಾಲು ಕೈಯಲ್ಲಿದ್ದರೆ ಅರ್ಧ ಸ್ಕೇಲ್‌ಗಳು ತಾವಾಗಿಯೇ ಬಿದ್ದುಹೋಗುತ್ತವೆ. ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಅಳತೆ ಕಳೆದ ಎರಡು ವಾರದ್ದನ್ನು ಕೇಳುತ್ತದೆ, ಅದು ಬೇಡ. ಸ್ಪೀಲ್‌ಬರ್ಗರ್ ಅವರ ಆತಂಕದ ಅಳತೆಯಲ್ಲಿ ಎರಡು ಭಾಗ ಇದೆ, ಒಂದೊಂದರಲ್ಲೂ 20 ವಾಕ್ಯ. ಒಂದು ಭಾಗ "ಈಗ ಹೇಗನಿಸುತ್ತಿದೆ" ಅಂತ ಕೇಳುತ್ತದೆ. ಇನ್ನೊಂದು "ಸಾಮಾನ್ಯವಾಗಿ ಹೇಗಿರುತ್ತೀರಿ" ಅಂತ. ನಮ್ಮ ಹುಡುಗಿಗೆ ಬೇಕಾದದ್ದು ಮೊದಲ ಭಾಗದಂಥದ್ದು. ಆದರೆ ಅದನ್ನು ದುಡ್ಡು ಕೊಟ್ಟು, ಅನುಮತಿ ತಗೊಂಡು ಬಳಸಬೇಕು. ಯಾರೋ ಜೆರಾಕ್ಸ್ ಕೊಟ್ಟರು ಅಂತ ಬಳಸಬೇಡಿ. ಪಿಎಚ್‌ಕ್ಯೂ-9 ಥರದವು ಯಾರು ಬೇಕಾದರೂ ಬಳಸಲು ಉಚಿತ.

ಅಪ್ಪನ ರೈನ್ ಗೇಜ್

ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ವಿಶ್ವಸನೀಯತೆ, ಸಪ್ರಮಾಣತೆ ಅಂತ ಇರುತ್ತದೆ. ಕ್ಲಾಸಿನಲ್ಲಿ ಎಲ್ಲರೂ ರಿಲಯಬಿಲಿಟಿ, ವ್ಯಾಲಿಡಿಟಿ ಅಂತಲೇ ಅನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ಇವೆರಡೂ ಬೇರೆ ಬೇರೆ ಅಂತ ನನಗೆ ಮೊದಲು ಅರ್ಥವಾದದ್ದು ಮೂಡಿಗೆರೆ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಿದ್ದರು. ಅಪ್ಪ ಅಳೆದರೂ, ಅಮ್ಮ ಅಳೆದರೂ, ನಾನು ಅಳೆದರೂ ಅದೇ ಅಂಕಿ. ಒಂದು ಸೆಂಟ್ ಆಚೀಚೆ ಇಲ್ಲ. ಅದು ರಿಲಯಬಿಲಿಟಿ. ಆದರೆ ವರ್ಷ ಕಳೆದಂತೆ ಪಕ್ಕದ ತೋಟದವರ ಲೆಕ್ಕಕ್ಕಿಂತ ನಮ್ಮದು ಯಾವಾಗಲೂ ಕಡಿಮೆ ಬರತೊಡಗಿತು. ಗೇಜ್ ಇಟ್ಟಾಗ ಗಿಡವಾಗಿದ್ದ ಹಲಸು ಮರವಾಗಿ ಅದರ ಮೇಲೆ ಕೊಂಬೆ ಚಾಚಿತ್ತು. ಅಳೆದವರೆಲ್ಲ ಸರಿಯಾಗಿಯೇ ಅಳೆಯುತ್ತಿದ್ದರು. ಆದರೆ ಅಳೆಯುತ್ತಿದ್ದದ್ದು ಬಿದ್ದ ಮಳೆಯನ್ನಲ್ಲ, ಹಲಸಿನ ಎಲೆ ಬಿಟ್ಟುಕೊಟ್ಟ ಮಳೆಯನ್ನು. ವ್ಯಾಲಿಡಿಟಿ ಹೋಗಿತ್ತು.

ಇದರಲ್ಲಿ ಮುಖ್ಯವಾದ ಒಂದು ಮಾತಿದೆ. ನಾವು ನಮ್ಮ ಗೇಜನ್ನೇ ದಿನಕ್ಕೆ ಹತ್ತು ಸಲ ನೋಡಿದ್ದರೂ ಆ ತಪ್ಪು ಗೊತ್ತಾಗುತ್ತಿರಲಿಲ್ಲ. ಪಕ್ಕದ ತೋಟದ ಡೈರಿ ಜೊತೆ ಇಟ್ಟು ನೋಡಿದ್ದಕ್ಕೆ ಗೊತ್ತಾಯಿತು. ಮನಸ್ಸಿನ ಅಳತೆಗೂ ಅಷ್ಟೇ. ರಿಲಯಬಿಲಿಟಿಯನ್ನು ಅಳತೆಯ ಒಳಗಿನಿಂದ ನೋಡಬಹುದು. ವ್ಯಾಲಿಡಿಟಿಗೆ ಹೊರಗಿನ ಇನ್ನೊಂದು ಸಾಕ್ಷಿ ಬೇಕೇ ಬೇಕು.

ಇನ್ನೊಂದೂ ಇದೆ. ಆ ಗೇಜ್ ಅಂಗಡಿಯಿಂದ ಬಂದಾಗ ಸರಿಯೇ ಇತ್ತು. ಕೆಟ್ಟದ್ದು ನಮ್ಮ ಅಂಗಳದಲ್ಲಿ, ನಮ್ಮ ಹಲಸಿನ ಕೆಳಗೆ. ಸ್ಕೇಲ್ ಜೊತೆ ಬರುವ ಪುಸ್ತಿಕೆಯಲ್ಲಿ "ಆಲ್ಫಾ 0.85" (ರಿಲಯಬಿಲಿಟಿಯ ಒಂದು ಅಂಕಿ, 1 ಅಂದರೆ ಪೂರ್ತಿ) ಅಂತ ಬರೆದಿದ್ದರೆ ಅದು ಅಲ್ಲಿನ ಜನ, ಅವರ ಭಾಷೆಯಲ್ಲಿ ಕೊಟ್ಟ ಉತ್ತರಗಳ ಲೆಕ್ಕ. ಅದನ್ನು ನೀವು ಆಲ್ದೂರಿನ ತೋಟದ ಕೆಲಸಗಾರರಿಗೆ ಕನ್ನಡದಲ್ಲಿ ಕೊಟ್ಟರೆ ಆ ಅಂಕಿ ಜೊತೆಗೆ ಬರುವುದಿಲ್ಲ. ಮತ್ತೆ ಲೆಕ್ಕ ಹಾಕಬೇಕು. ಹಿಂದಿನವರ ಅಂಕಿಯನ್ನು ನಕಲು ಮಾಡಿ "ಈ ಸ್ಕೇಲ್ ರಿಲಯಬಲ್" ಅಂತ ಬರೆದ ರಿಪೋರ್ಟನ್ನು ನಾನು ವಾಪಸ್ ಕೊಡುತ್ತೇನೆ.

ಯಾವ ರಿಲಯಬಿಲಿಟಿ ಬೇಕು

ಒಂದೇ ಥರ ಇಲ್ಲ. ನಿಮ್ಮ ಪ್ರಯೋಗಕ್ಕೆ ಯಾವುದು ಬೇಕು ಅಂತ ಯೋಚಿಸಿ.

ಸುಲಭಕ್ಕೆ ಬದಲಾಗದ ಗುಣವನ್ನು ಅಳೆಯುವುದಾದರೆ, ಉದಾಹರಣೆಗೆ ಬುದ್ಧಿಶಕ್ತಿ ಅಥವಾ ಸ್ವಭಾವ, ಅದೇ ಜನರಿಗೆ ಎರಡು ವಾರ ಬಿಟ್ಟು ಮತ್ತೆ ಕೊಟ್ಟು ನೋಡಬೇಕು. ಮೊದಲ ಸಲ ಮೇಲಿದ್ದವರು ಎರಡನೇ ಸಲವೂ ಮೇಲಿರಬೇಕು. ಆದರೆ ಆ ಎರಡು ವಾರ ಯಾವುದು ಅಂತ ಕ್ಯಾಲೆಂಡರ್ ನೋಡಿ ಇಡಿ. ನಮ್ಮ ಜಿಲ್ಲೆಯಲ್ಲಿ ಜುಲೈ ತಿಂಗಳಲ್ಲಿ ಜೋರು ಮಳೆ ಅಂತ ಶಾಲೆಗೆ ರಜೆ ಕೊಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ನಡುವೆ ಹಾಗೊಂದು ಬಂದರೆ ಅಂಕ ಬದಲಾಗಿದ್ದು ಅಳತೆಯ ದೋಷದಿಂದಲೋ, ಮಕ್ಕಳ ದಿನಚರಿಯೇ ಬದಲಾಗಿದ್ದರಿಂದಲೋ ಹೇಳಲು ಆಗುವುದಿಲ್ಲ. ಇನ್ನು ಈ ಕ್ಷಣದ ಗಾಬರಿಯನ್ನು ಅಳೆಯುವವರಿಗೆ ಈ ಪರೀಕ್ಷೆ ಬೇಡ. ಅದು ಬದಲಾಗಬೇಕಾದದ್ದೇ.

ಪ್ರಶ್ನೆಗಳೆಲ್ಲ ಒಂದೇ ಕಡೆ ಎಳೆಯುತ್ತವೆಯಾ ಅಂತ ನೋಡುವುದು ಇನ್ನೊಂದು. ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಎಲ್ಲರಿಗೂ ಗೊತ್ತು. 0.70 ದಾಟಿದರೆ ಸಾಕು ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ನಾನು ಹೇಳುವುದು, ಅದನ್ನು ಗೆರೆ ಅಂತ ತಿಳಿಯಬೇಡಿ. ಪ್ರಶ್ನೆ ಜಾಸ್ತಿ ಮಾಡಿದರೆ ಆಲ್ಫಾ ತಾನಾಗಿ ಏರುತ್ತದೆ. "ನನಗೆ ಭಯವಾಗುತ್ತಿದೆ", "ನನಗೆ ಹೆದರಿಕೆಯಾಗುತ್ತಿದೆ", "ನನಗೆ ಅಂಜಿಕೆಯಾಗುತ್ತಿದೆ" ಅಂತ ಒಂದನ್ನೇ ಮೂರು ಸಲ ಕೇಳಿದರೂ ಏರುತ್ತದೆ. 0.95 ಬಂದರೆ ನಾನು ಖುಷಿಪಡುವುದಿಲ್ಲ, ಪ್ರಶ್ನೆಗಳನ್ನು ಮತ್ತೆ ಓದುತ್ತೇನೆ.

ಹಾಗಂತ ಪ್ರಶ್ನೆಗಳನ್ನು ಕತ್ತರಿಸಲೂ ಹೋಗಬೇಡಿ. "ಮೇಡಂ, ಹತ್ತು ಪ್ರಶ್ನೆ ಜಾಸ್ತಿ ಆಯ್ತು, ಐದು ಹಾಕ್ತೀನಿ" ಅಂತ ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಸ್ಪಿಯರ್‌ಮನ್-ಬ್ರೌನ್ ಸೂತ್ರದ ಪ್ರಕಾರ ರಿಲಯಬಿಲಿಟಿ 0.70 ಇದ್ದ ಹತ್ತು ಪ್ರಶ್ನೆಯ ಅಳತೆಯನ್ನು ಅರ್ಧ ಮಾಡಿದರೆ 0.54ಕ್ಕೆ ಇಳಿಯುತ್ತದೆ. ಬೇಕಾದರೆ ಮೊದಲಿಂದಲೇ ಚಿಕ್ಕದಾಗಿ ರೂಪಿಸಿದ, ಪರೀಕ್ಷಿಸಿದ ಅಳತೆಯನ್ನೇ ತಗೊಳ್ಳಿ.

ರಿಲಯಬಿಲಿಟಿ ಕಡಿಮೆಯಾದರೆ ಏನು ನಷ್ಟ ಅಂತ ಸ್ಪಿಯರ್‌ಮನ್ 1904ರಲ್ಲೇ ಲೆಕ್ಕ ಮಾಡಿ ತೋರಿಸಿದ್ದರು. ಎರಡು ಗುಣಗಳ ನಡುವೆ ನಿಜವಾದ ಸಂಬಂಧ 0.50 ಇದೆ ಅಂದುಕೊಳ್ಳಿ (ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1). ಒಂದರ ಅಳತೆಯ ರಿಲಯಬಿಲಿಟಿ 0.60, ಇನ್ನೊಂದರದ್ದು 0.70. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 0.65. ಹಾಗಾಗಿ ನಿಮ್ಮ ಕೈಗೆ ಸಿಗುವುದು 0.32 ಮಾತ್ರ. ಇದ್ದದ್ದು ಇಲ್ಲದಂತೆ ಕಾಣುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಇದೇ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಈ ಲೆಕ್ಕ ನಮ್ಮ ಸೀಮೆಗೆ ಬಂದು ನೂರು ವರ್ಷ ಆಯಿತು ಅಂತ ಕ್ಲಾಸಿನಲ್ಲಿ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಕನ್ನಡಕ್ಕೆ ತರುವಾಗ

ಅತಿ ಹೆಚ್ಚು ಅಳತೆಗಳು ಹಾಳಾಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ತೋಟದ ಲೈನ್ ಮನೆಯಲ್ಲಿ ಒಬ್ಬ ಅಜ್ಜಿಗೆ ನನ್ನ ವಿದ್ಯಾರ್ಥಿ "ನಿಮಗೆ ಒತ್ತಡ ಇದೆಯಾ?" ಅಂತ ಕೇಳಿದ. ಅಜ್ಜಿ, "ಇದೆ ಮಗಾ, ಮಾತ್ರೆ ತಗೊಳ್ತಾ ಇದೀನಿ" ಅಂದರು. ಅವರಿಗೆ ಒತ್ತಡ ಅಂದರೆ ಬಿಪಿ. "ಟೆನ್ಷನ್" ಅಂದಿದ್ದರೆ ತಕ್ಷಣ ಅರ್ಥವಾಗುತ್ತಿತ್ತು. ಶುದ್ಧ ಕನ್ನಡ ಹುಡುಕಬೇಡಿ, ಉತ್ತರ ಕೊಡುವವರು ದಿನಾ ಆಡುವ ಮಾತು ಹುಡುಕಿ. ಅದು ಇಂಗ್ಲಿಷಿನಿಂದ ಬಂದಿದ್ದರೂ ಪರವಾಗಿಲ್ಲ.

"ಬೇಜಾರು" ಇನ್ನೂ ಕಷ್ಟದ ಪದ. ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಏನಾದರೂ ಅಂದರೆ ಅದಕ್ಕೂ ಬೇಜಾರು. ಖಿನ್ನತೆಯ ಪ್ರಶ್ನೆಯಲ್ಲಿ ಬರೀ ಬೇಜಾರು ಅಂತ ಹಾಕಿದರೆ ಮಧ್ಯಾಹ್ನದ ಕ್ಲಾಸಿನಲ್ಲಿ ಕೂತ ಎಲ್ಲರಿಗೂ ಖಿನ್ನತೆ ಬಂದುಬಿಡುತ್ತದೆ. "ಸಂಕಟ" ಅಂದರೆ ಕೆಲವರು ಮನಸ್ಸಿನದ್ದು ಅಂತ ತಿಳಿಯುತ್ತಾರೆ, ಕೆಲವರು ಹೊಟ್ಟೆಯದ್ದು ಅಂತ.

ತಿರುಗಿಸಿ ಕೇಳುವ ಪ್ರಶ್ನೆಗಳಲ್ಲಿ, ಅಂದರೆ ಭಯದ ಬದಲು ಧೈರ್ಯದ ಕಡೆಯಿಂದ ಕೇಳುವಂಥವುಗಳಲ್ಲಿ, ನಮ್ಮ "ಇಲ್ಲ" ತುಂಬ ತೊಂದರೆ ಕೊಡುತ್ತದೆ. "ನನಗೆ ಭಯ ಇಲ್ಲ" ಅಂತ ವಾಕ್ಯ ಬರೆದು, ಉತ್ತರದಲ್ಲಿ "ಇಲ್ಲವೇ ಇಲ್ಲ" ಅಂತ ಕೊಟ್ಟರೆ, ಭಯ ಇಲ್ಲದವರೂ ಅದಕ್ಕೇ ಟಿಕ್ ಹಾಕುತ್ತಾರೆ, ಭಯ ಇದ್ದವರೂ ಅದಕ್ಕೇ ಹಾಕುತ್ತಾರೆ. "ನಾನು ಧೈರ್ಯವಾಗಿದ್ದೇನೆ" ಅಂತ ನೇರವಾಗಿ ಬರೆಯಿರಿ. ಆಮೇಲೆ ಅಂಕ ಕೂಡುವಾಗ ಅಂಥ ಪ್ರಶ್ನೆಗಳನ್ನು ತಿರುಗಿಸುವುದು (0 ಇದ್ದದ್ದನ್ನು 4, 1 ಇದ್ದದ್ದನ್ನು 3, ಹೀಗೆ) ಮರೆಯಬೇಡಿ. ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್‌ನ ಹತ್ತು ಪ್ರಶ್ನೆಯ ರೂಪದಲ್ಲಿ 4, 5, 7, 8 ತಿರುಗಿಸಬೇಕಾದವು. ಆಲ್ಫಾ ತೀರಾ ಕಡಿಮೆ ಬಂದಿದೆ ಅಂತ ಅಳುಮುಖ ಮಾಡಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದೇ ಇದನ್ನು.

ಉತ್ತರದ ಆಯ್ಕೆಗಳಿಗೆ ಒಂದು ಸಣ್ಣ ಕೆಲಸ ಮಾಡಿ. "ಯಾವತ್ತೂ ಇಲ್ಲ", "ಅಪರೂಪಕ್ಕೆ", "ಕೆಲವೊಮ್ಮೆ", "ಆಗಾಗ", "ಯಾವಾಗಲೂ" ಅಂತ ಐದು ಚೀಟಿ ಬರೆದು ಕಲಸಿಬಿಡಿ. ಹತ್ತು ಜನರ ಕೈಗೆ ಕೊಟ್ಟು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ಅನ್ನಿ. ನಾವು ಮಾಡಿಸಿದಾಗ "ಕೆಲವೊಮ್ಮೆ" ಮತ್ತು "ಆಗಾಗ" ಜಾಗ ಬದಲಾಗುತ್ತಲೇ ಇತ್ತು. ನಿಮ್ಮ ಸ್ಕೇಲ್ 2 ಮತ್ತು 3 ಅಂತ ಎಣಿಸುವ ಉತ್ತರಗಳು ಜನರ ತಲೆಯಲ್ಲಿ 3 ಮತ್ತು 2 ಆಗಿದ್ದರೆ ಆಮೇಲೆ ಯಾವ ಲೆಕ್ಕವೂ ಕಾಪಾಡುವುದಿಲ್ಲ. ನಾವು "ವಾರಕ್ಕೆ ಒಂದೆರಡು ದಿನ", "ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ" ಅಂತ ಎಣಿಸುವ ಹಾಗೆ ಬದಲಾಯಿಸಿದೆವು. ಹೀಗೆ ಬದಲಾಯಿಸಿದರೆ ರಿಪೋರ್ಟಿನಲ್ಲಿ ಹೇಳಬೇಕು, ಅದು ಮೂಲ ಅಳತೆಯಾಗಿ ಉಳಿದಿರುವುದಿಲ್ಲ.

ಅನುವಾದದ ಕ್ರಮ ಗೊತ್ತಿರುವುದೇ. ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರಬೇಕು, ಎರಡನ್ನೂ ಹೋಲಿಸಬೇಕು. 1970ರಲ್ಲಿ ಬ್ರಿಸ್ಲಿನ್ ಈ ಕ್ರಮವನ್ನು ಚೆನ್ನಾಗಿ ವಿವರಿಸಿದರು. ಆದರೆ ಇಷ್ಟಕ್ಕೇ ನಿಲ್ಲಬೇಡಿ. ಇಬ್ಬರೂ ಓದಿದವರಾದರೆ "ಒತ್ತಡ" ಹೋಗಿ ಸರಿಯಾಗಿಯೇ ವಾಪಸ್ ಬರುತ್ತದೆ. ಅಜ್ಜಿಯ ಬಿಪಿ ಮಾತ್ರೆ ಅಲ್ಲಿ ಕಾಣುವುದಿಲ್ಲ. ಐದಾರು ಜನರನ್ನು ಕೂರಿಸಿಕೊಂಡು ಪ್ರತಿ ಪ್ರಶ್ನೆ ಓದಿ, "ಇದರಲ್ಲಿ ನಾನು ಏನು ಕೇಳ್ತಾ ಇದೀನಿ, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳಿ. ಒಂದು ಮಧ್ಯಾಹ್ನದ ಕೆಲಸ. ಇದರಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸುವಾಗ ಬರೀ ಭಾಷೆ ಬದಲಾಯಿಸಿ ಬಿಡಲಿಲ್ಲ, ನಮ್ಮ ಮಕ್ಕಳ ಮೇಲೇ ಪ್ರಯೋಗಿಸಿ ನೋಡಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಅಷ್ಟು ಮಾಡಿದ್ದಾರೆ. ನಾವು ಒಂದು ಮಧ್ಯಾಹ್ನ ಕೊಡಬಹುದು ಅಲ್ವಾ?

ವ್ಯಾಲಿಡಿಟಿಗೆ ಸಾಕ್ಷಿ ಹುಡುಕುವುದು

ಕ್ರಾನ್‌ಬಾಕ್ ಮತ್ತು ಮೀಲ್ 1955ರಲ್ಲಿ ಹೇಳಿದ್ದನ್ನು ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ. ಈ ಅಳತೆ ನಿಜವಾಗಿಯೂ ಗಾಬರಿಯನ್ನು ಅಳೆಯುತ್ತಿದ್ದರೆ ಏನೇನು ಆಗಬೇಕು ಅಂತ ಮೊದಲೇ ಬರೆದಿಡಿ. ಆಮೇಲೆ ಆಗುತ್ತದಾ ನೋಡಿ. ಪರೀಕ್ಷೆಯ ದಿನ ಅಂಕ ಮಾಮೂಲಿ ದಿನಕ್ಕಿಂತ ಏರಬೇಕು. ಇನ್ನೊಂದು ಒಳ್ಳೆಯ ಗಾಬರಿಯ ಅಳತೆಯ ಜೊತೆ ಹೊಂದಬೇಕು. ಹಾಗೇ, ಸಂಬಂಧ ಇಲ್ಲದ್ದರ ಜೊತೆ ಹೊಂದಬಾರದು. ಇದನ್ನು ಎಲ್ಲರೂ ಮರೆಯುತ್ತಾರೆ. ಗಾಬರಿಯ ಅಂಕ ಕನ್ನಡ ಓದುವ ವೇಗದ ಜೊತೆ ಬಲವಾಗಿ ಹೊಂದಿದರೆ ನೀವು ಅಳೆಯುತ್ತಿರುವುದು ಓದುವ ಶಕ್ತಿಯನ್ನು.

ಕಡೂರಿನ ಹುಡುಗಿ ಹೀಗೇ ಮಾಡಿದಳು. ಆರು ವಾಕ್ಯಗಳ, "ಈಗ" ಅಂತ ಕೇಳುವ ಹಾಳೆ ಮಾಡಿದಳು. ಒಂದು ಮಾಮೂಲಿ ಮಂಗಳವಾರ, ಇನ್ನೊಂದು ಇಂಟರ್ನಲ್ಸ್ ದಿನ, ಬೇರೆ ಸೆಕ್ಷನ್ನಿನ ಮಕ್ಕಳಿಗೆ ಕೊಟ್ಟು ನೋಡಿದಳು. ಎರಡು ವಾಕ್ಯಗಳಲ್ಲಿ ಪರೀಕ್ಷೆಯ ದಿನವೂ ಎಲ್ಲರೂ ಸೊನ್ನೆಯನ್ನೇ ಗುರುತು ಮಾಡಿದ್ದರು. "ನನ್ನ ಕೈ ನಡುಗುತ್ತಿದೆ" ಅದರಲ್ಲೊಂದು. ಎಲ್ಲರೂ ನೆಲದಲ್ಲೇ ಇದ್ದರೆ ಉಸಿರಾಟದಿಂದ ಇನ್ನೂ ಕೆಳಗೆ ಇಳಿಯಲು ಜಾಗ ಎಲ್ಲಿದೆ? ಆ ಎರಡನ್ನೂ ತೆಗೆದು ಬೇರೆ ಹಾಕಿದಳು.

ಅವಳ ಹಾಳೆಯಲ್ಲಿ ಇನ್ನೊಂದು ತೊಂದರೆ ಇತ್ತು, ಅದು ನಾನೇ. ಮಾರ್ಕ್ಸ್ ಕೊಡುವ ಮೇಡಂ ಬಾಗಿಲಲ್ಲಿ ನಿಂತು ಹಾಳೆ ಇಸ್ಕೊಂಡರೆ ಯಾರು ಗಾಬರಿ ಅಂತ ಬರೆಯುತ್ತಾರೆ? ಉಸಿರಾಟದ ಗುಂಪಿನವರಂತೂ ಮೇಡಂಗೆ ಏನು ಬೇಕೋ ಅದನ್ನೇ ಕೊಡುತ್ತಾರೆ. ಪ್ರಯೋಗಕ್ಕೆ ಬಂದವರು ಪ್ರಯೋಗದ ಉದ್ದೇಶ ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ ಅಂತ ಮಾರ್ಟಿನ್ ಆರ್ನ್ 1962ರಲ್ಲೇ ಬರೆದಿದ್ದರು. ನಾನು ಹೊರಗೆ ಉಳಿದೆ. ಹೆಸರಿಲ್ಲದ ಹಾಳೆ, ಮುಚ್ಚಿದ ಪೆಟ್ಟಿಗೆ. ಜೊತೆಗೆ ಒಂದು ನಿಮಿಷದ ನಾಡಿ ಎಣಿಕೆಯನ್ನೂ ಇಟ್ಟಳು. ನಾಡಿಯೊಂದರಿಂದಲೇ ಗಾಬರಿ ಗೊತ್ತಾಗುವುದಿಲ್ಲ, ಮೆಟ್ಟಿಲು ಹತ್ತಿ ಬಂದರೂ ಏರುತ್ತದೆ. ಐದು ನಿಮಿಷ ಕೂರಿಸಿ ಎಣಿಸಬೇಕು. ಆದರೆ ಎರಡು ಬೇರೆ ರೀತಿಯ ಅಳತೆ ಒಂದೇ ಮಾತು ಹೇಳಿದರೆ ಧೈರ್ಯ ಬರುತ್ತದೆ.

ನೋಡಿ ಎಣಿಸುವವರಿಗೆ, ವೇಗ ಅಳೆಯುವವರಿಗೆ

ಅಂಗನವಾಡಿ ಮಕ್ಕಳ ಜಗಳ ಎಣಿಸುವಂಥ ಕೆಲಸದಲ್ಲಿ ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಬೇಕು. ಆಮೇಲೆ "ಶೇಕಡ 90 ಹೊಂದಿತು" ಅಂತ ಸಮಾಧಾನಪಡಬೇಡಿ. 100 ತುಣುಕು ಸಮಯದಲ್ಲಿ ಒಬ್ಬೊಬ್ಬರೂ 5 ಕಡೆ "ಹೊಡೆತ" ಅಂತ ಬರೆದಿದ್ದಾರೆ, ಆದರೆ ಒಂದೂ ಒಂದೇ ಜಾಗದಲ್ಲಿಲ್ಲ ಅಂದುಕೊಳ್ಳಿ. ಆಗಲೂ 90 ಕಡೆ ಇಬ್ಬರೂ "ಏನೂ ಇಲ್ಲ" ಅಂದಿರುತ್ತಾರೆ. ಶೇಕಡ 90 ಹೊಂದಾಣಿಕೆ, ಆದರೆ ಒಂದೇ ಒಂದು ಹೊಡೆತದ ಬಗ್ಗೆಯೂ ಒಪ್ಪಿಲ್ಲ! ಸುಮ್ಮನೆ ಆಕಸ್ಮಿಕವಾಗಿ ಹೊಂದುವಷ್ಟನ್ನು ಕಳೆದು ನೋಡುವ, ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕದಲ್ಲಿ ಇದು ಸೊನ್ನೆಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಕಪ್ಪಾ ಹಾಕಿ. ಕಡಿಮೆ ಬಂದರೆ ಹೊಡೆತ ಅಂದರೆ ಏನು, ತಳ್ಳಿದ್ದು ಸೇರುತ್ತದಾ, ಆಟಿಕೆ ಕಿತ್ತುಕೊಂಡಿದ್ದು ಸೇರುತ್ತದಾ ಅಂತ ಕೂತು ತೀರ್ಮಾನಿಸಿ.

ಸ್ಟ್ರೂಪ್ ಪ್ರಯೋಗ ಎಲ್ಲರಿಗೂ ಇಷ್ಟ. ಹಸಿರು ಬಣ್ಣದಲ್ಲಿ "ಕೆಂಪು" ಅಂತ ಬರೆದು ಬಣ್ಣ ಹೇಳಿಸುವುದು, 1935ರದ್ದು. ಬರೆದ ಪದ ಅಡ್ಡ ಬಂದು ಬಣ್ಣ ಹೇಳುವುದು ನಿಧಾನವಾಗುತ್ತದೆ. ನಮ್ಮಲ್ಲಿ ಒಂದು ಎಚ್ಚರಿಕೆ: ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ "ಕೆಂಪು" ಓದುವುದು ಅಷ್ಟು ತಾನಾಗಿ ಬರದಿದ್ದರೆ ಅಡ್ಡಿಯೂ ಕಡಿಮೆ ಇರುತ್ತದೆ. ಅದನ್ನು ಏಕಾಗ್ರತೆ ಅಂತ ಓದಬೇಡಿ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಸ್ಟ್ರೂಪ್ ಪರಿಣಾಮ ಹೆಚ್ಚುಕಡಿಮೆ ಎಲ್ಲರಲ್ಲೂ ಬರುತ್ತದೆ. ಅದಕ್ಕೇ ಪ್ರಯೋಗದಲ್ಲಿ ಗಟ್ಟಿಯಾಗಿ ಕಾಣುತ್ತದೆ. ಆದರೆ ಎಲ್ಲರಲ್ಲೂ ಹತ್ತಿರ ಹತ್ತಿರ ಒಂದೇ ಆದರೆ, ಈ ಹುಡುಗನಿಗೆ ಜಾಸ್ತಿ, ಆ ಹುಡುಗಿಗೆ ಕಡಿಮೆ ಅಂತ ಸಾಲಾಗಿ ನಿಲ್ಲಿಸಲು ಅದು ದುರ್ಬಲ ಅಳತೆ. 2018ರಲ್ಲಿ ಹೆಜ್, ಪೊವೆಲ್ ಮತ್ತು ಸಮ್ನರ್ ಇದನ್ನು ಹಲವು ಪ್ರಯೋಗಗಳಲ್ಲಿ ತೋರಿಸಿದರು. ಗುಂಪುಗಳನ್ನು ಹೋಲಿಸುವುದಾ, ವ್ಯಕ್ತಿಗಳನ್ನು ಹೋಲಿಸುವುದಾ ಅಂತ ಮೊದಲೇ ನಿರ್ಧರಿಸಿ. ಮೊಬೈಲಿನಲ್ಲಿ ವೇಗ ಅಳೆಯುವುದಾದರೆ ಎಲ್ಲರಿಗೂ ಒಂದೇ ಫೋನ್ ಕೊಡಿ.

ಹಾಳೆ ಹಂಚುವ ಮುಂಚೆ

ಪಿಎಚ್‌ಕ್ಯೂ-9 ಬಳಸುವವರು ಒಂಬತ್ತನೇ ಪ್ರಶ್ನೆಯನ್ನು ನೆನಪಿಡಿ. ಸಾಯುವ ಅಥವಾ ತಮಗೆ ತಾವೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ ಅದು ಕೇಳುತ್ತದೆ. ಕೇಳಿದ ಮೇಲೆ ಉತ್ತರವನ್ನು ಒಂದು ತಿಂಗಳು ಬೀರುವಿನಲ್ಲಿ ಇಡುವಂತಿಲ್ಲ. ಅದೇ ದಿನ ಯಾರು ನೋಡುತ್ತಾರೆ, ಹೌದು ಅಂದವರ ಜೊತೆ ಯಾರು ಮಾತಾಡುತ್ತಾರೆ ಅಂತ ಮೊದಲೇ ಗೊತ್ತುಮಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಪ್ರತಿ ಹಾಳೆಯ ಕೆಳಗೂ ಅಚ್ಚು ಹಾಕಿಸಿ. ಇದಕ್ಕೆ ವ್ಯವಸ್ಥೆ ಮಾಡಲು ಆಗದಿದ್ದರೆ ಆ ಅಳತೆಯನ್ನು ಬಳಸಬೇಡಿ.

ಮುಖ್ಯ ಅಳತೆ ಒಂದೇ ಇರಲಿ, ಯಾವುದು ಅಂತ ಮೊದಲೇ ಬರೆದು ದಿನಾಂಕ ಹಾಕಿ ಗೈಡ್ ಹತ್ತಿರ ಸಹಿ ಮಾಡಿಸಿ. ಐದು ಸ್ಕೇಲ್ ಕೊಟ್ಟು ಆಮೇಲೆ ಚೆನ್ನಾಗಿ ಬಂದದ್ದನ್ನು ಮಾತ್ರ ತೋರಿಸುವುದು ಸರಿಯಲ್ಲ.

ಎಕ್ಸೆಲ್‌ಗೆ ಹಾಕುವಾಗ ಒಟ್ಟು ಅಂಕ ಮಾತ್ರ ಹಾಕಬೇಡಿ. ಪ್ರತಿ ಪ್ರಶ್ನೆಗೂ ಒಂದು ಕಾಲಂ ಇರಲಿ, ತಿರುಗಿಸುವ ಮುಂಚಿನ ಉತ್ತರವೇ ಇರಲಿ. ಒಟ್ಟು ಅಂಕದಿಂದ ಆಲ್ಫಾ ತೆಗೆಯಲು ಆಗುವುದಿಲ್ಲ. ಆಗ ಮತ್ತೆ ಎಲ್ಲ ಹಾಳೆಗಳನ್ನೂ ಬಿಚ್ಚಿ ಕೂರಬೇಕಾಗುತ್ತದೆ.